ಕೊಯ್ದು ತೆಗೆದದ್ದು ಯಾರ ಸೊತ್ತು?



2004ರ ಮಳೆಗಾಲದಲ್ಲಿ ನನ್ನ ಗರ್ಭಕೋಶ ತೆಗೆದರು. ಆಗ ನನಗೆ 36 ವರ್ಷ. ಬಂಟ್ವಾಳ ತಾಲೂಕಿನ ಒಂದು ಹಳ್ಳಿಯಲ್ಲಿ ಬೀಡಿ ಕಟ್ಟಿ ಬದುಕುತ್ತಿದ್ದೆ. ತಿಂಗಳಿಗೆ ಹತ್ತು ಹನ್ನೆರಡು ದಿನ ರಕ್ತ ಹೋಗುತ್ತಿತ್ತು. ಬೀಡಿ ಸೂಪು ಮಡಿಲಲ್ಲಿ ಇಟ್ಟು ಕೂತರೆ ಏಳಲು ಆಗುತ್ತಿರಲಿಲ್ಲ. ಒಂದು ನರ್ಸಿಂಗ್ ಹೋಮಿಗೆ ಹೋದೆವು. ಸ್ಕ್ಯಾನಿಂಗ್ ಆಯಿತು. ವೈದ್ಯರು ಮಾತಾಡಿದ್ದೆಲ್ಲ ನನ್ನ ಗಂಡನ ಹತ್ತಿರ. "ಮಕ್ಕಳು ಎರಡು ಆಗಿವೆಯಲ್ಲ, ಇನ್ನು ಅದು ಇದ್ದು ಪ್ರಯೋಜನ ಏನು, ತೆಗೆದುಬಿಡುವ" ಎಂದರು. ಗಂಡ ಸಹಿ ಹಾಕಿದರು. ನನ್ನ ಸಹಿ ಯಾರೂ ಕೇಳಲಿಲ್ಲ. ಕೇಳಬೇಕು ಎಂದು ನನಗೂ ಗೊತ್ತಿರಲಿಲ್ಲ.

ಆಪರೇಷನ್ ಮುಗಿದ ಮೇಲೆ ತೆಗೆದದ್ದನ್ನು ಒಂದು ಸ್ಟೀಲ್ ತಟ್ಟೆಯಲ್ಲಿ ಇಟ್ಟು ಹೊರಗೆ ತಂದು ತೋರಿಸಿದರಂತೆ. ಗಂಡ ನೋಡಿದರು. ಅತ್ತೆ ನೋಡಿದರು. ಮೈದುನ ಕೂಡ ನೋಡಿದ. "ನೋಡಿ, ಎಷ್ಟು ದಪ್ಪ ಆಗಿತ್ತು" ಎಂದರಂತೆ. ನೋಡದೆ ಉಳಿದವಳು ನಾನೊಬ್ಬಳೇ. ನಾನು ಒಳಗೆ ಪ್ರಜ್ಞೆ ಇಲ್ಲದೆ ಮಲಗಿದ್ದೆ. ಅದೇ ಗರ್ಭಕೋಶದಲ್ಲಿ ಆ ಮನೆಗೆ ಇಬ್ಬರು ಮಕ್ಕಳನ್ನು ಹೊತ್ತು ಹೆತ್ತು ಕೊಟ್ಟಿದ್ದೆ.

ಆಮೇಲೆ ಅದನ್ನು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಔಷಧಿ ನೀರಿಗೆ ಹಾಕಿ, ಮಂಗಳೂರಿನ ಲ್ಯಾಬಿಗೆ ಕೊಟ್ಟು ಪರೀಕ್ಷೆ ಮಾಡಿಸಿ ಎಂದು ಗಂಡನ ಕೈಗೆ ಕೊಟ್ಟರು. ಅವರು ಕೊಂಡುಹೋಗಲಿಲ್ಲ. ಇದು ನನಗೆ ಗೊತ್ತಾದದ್ದು ಆರು ವರ್ಷ ಕಳೆದು, ಒಂದು ರಾತ್ರಿ ಜಗಳದಲ್ಲಿ. "ನಿನ್ನದನ್ನು ಪಾಣೆಮಂಗಳೂರಿನ ಹಳೇ ಸಂಕದಿಂದ ಹೊಳೆಗೆ ಬಿಸಾಡಿದ್ದೇನೆ. ತೆಗೆದು ಆದದ್ದಕ್ಕೆ ಇನ್ನೂ ಯಾಕೆ ದುಡ್ಡು ಹಾಕಬೇಕು?" ಎಂದರು. ಆ ಹೊತ್ತಿಗೆ ನಾನು ಆ ಮನೆಯಲ್ಲಿ "ಒಳಗೆ ಏನೂ ಇಲ್ಲದವಳು" ಆಗಿದ್ದೆ. ಇನ್ನೊಂದು ಸಂಬಂಧದ ಮಾತು ನಡೆಯುತ್ತಿತ್ತು. "ಅವಳಿಗೆ ಕ್ಯಾನ್ಸರ್ ಇತ್ತು, ನಾವು ಮುಚ್ಚಿಟ್ಟಿದ್ದೇವೆ" ಎಂದು ಅತ್ತೆ ಊರಲ್ಲಿ ಹೇಳಿಕೊಂಡು ತಿರುಗುತ್ತಿದ್ದರು. ಇರಲಿಲ್ಲ ಎಂದು ತೋರಿಸಲು ನನ್ನ ಕೈಯಲ್ಲಿ ಒಂದು ಚೂರು ಕಾಗದ ಇರಲಿಲ್ಲ. ನನ್ನ ಗರ್ಭಕೋಶ ತೆಗೆಯಲೇ ಬೇಕಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅದನ್ನು ಹೇಳಬಹುದಾಗಿದ್ದ ಒಂದೇ ಸಾಕ್ಷಿ ನೇತ್ರಾವತಿಯಲ್ಲಿ ಹೋಯಿತು.

ಇದನ್ನು ನನ್ನ ಗೋಳು ತೋಡಿಕೊಳ್ಳಲು ಬರೆಯುತ್ತಿಲ್ಲ. ನಮ್ಮ ಮೈಯಿಂದ ಕೊಯ್ದು ತೆಗೆದದ್ದು ಯಾರದ್ದು, ಅದನ್ನು ಏನು ಮಾಡಬೇಕು ಎಂದು ಹೇಳುವವರು ಯಾರು ಎನ್ನುವ ಪ್ರಶ್ನೆಯನ್ನು ನಾವು ಯಾವತ್ತಾದರೂ ಕೇಳಿದ್ದೇವೆಯೇ? ವರದಕ್ಷಿಣೆಯ ಬಗ್ಗೆ ಮಾತಾಡುತ್ತೇವೆ, ಹೊಡೆತದ ಬಗ್ಗೆ ಮಾತಾಡುತ್ತೇವೆ. ಇದೂ ಅದೇ ಮಾತು ಎಂದು ನಾನು ಹೇಳುತ್ತೇನೆ.

ಸಂಘದ ಕೆಲಸಕ್ಕೆಂದು ತಿರುಗುವಾಗ ಈ ಪ್ರಶ್ನೆಯನ್ನು ಸಭೆಗಳಲ್ಲಿ ಕೇಳುತ್ತಾ ಬಂದಿದ್ದೇನೆ. "ಆಪರೇಷನ್ ಮಾಡಿ ನಿಮ್ಮಿಂದ ಏನಾದರೂ ತೆಗೆದಿದ್ದಾರಾ? ಅದು ಈಗ ಎಲ್ಲಿ ಉಂಟು?" ಮೊದಲು ಎಲ್ಲರೂ ನಗುತ್ತಾರೆ. ಆಮೇಲೆ ಒಬ್ಬೊಬ್ಬರೇ ಸುಮ್ಮನಾಗುತ್ತಾರೆ.

ಬಂಟ್ವಾಳದಲ್ಲಿ ಬೀಡಿ ಬ್ರಾಂಚಿನ ಜಗಲಿಯಲ್ಲಿ ಕೂತಿದ್ದ ಒಬ್ಬರು ತುಳುವಿನಲ್ಲಿ ಕೇಳಿದರು: "ಎಂಕ್ ಅವು ದಾಯೆಗ್?" ನನಗೆ ಅದು ಯಾಕೆ? ಕೊಳೆತದ್ದು, ಕಸ, ಹೋಯಿತು. ಇನ್ನೊಬ್ಬರು ಹೇಳಿದರು: "ಆರೆಡ ಕೇನೊಡು." ಅವರ ಹತ್ತಿರ ಕೇಳಬೇಕು. ಅವರು ಎಂದರೆ ಗಂಡ. ತೆಗೆದದ್ದು ಇವರ ಹೊಟ್ಟೆಯಿಂದ, ಕೇಳಬೇಕಾದದ್ದು ಅವರ ಹತ್ತಿರ! ಅದೇ ಸಭೆಯಲ್ಲಿ ಒಬ್ಬರು ಬ್ಯಾರಿ ಅಕ್ಕ ಇದ್ದರು. ಸಕ್ಕರೆ ಕಾಯಿಲೆಯಿಂದ ಅವರ ತಾಯಿಯ ಕಾಲು ಮೊಣಕಾಲ ಕೆಳಗೆ ತೆಗೆದಾಗ, ಅದನ್ನು ಕೇಳಿ ಪಡೆದು, ಬಿಳಿ ಬಟ್ಟೆಯಲ್ಲಿ ಸುತ್ತಿ ದಫನ್ ಮಾಡಿದರಂತೆ. "ಅದು ನಮ್ಮ ಉಮ್ಮನ ಕಾಲು ಅಲ್ವಾ, ಕಸ ಹೇಗೆ ಆಗುತ್ತದೆ?" ಎಂದರು. ಆ ಮಾತಿಗೆ ಸಭೆಯಲ್ಲಿ ಯಾರೂ ಉತ್ತರ ಕೊಡಲಿಲ್ಲ.

ಬೆಳ್ತಂಗಡಿಯಲ್ಲಿ ಒಬ್ಬರು ತಮ್ಮ ಪಿತ್ತಕೋಶದ ಕಲ್ಲುಗಳನ್ನು ಬಾಟಲಿಯಲ್ಲಿ ಹಾಕಿ ಶೋಕೇಸಿನಲ್ಲಿ ಇಟ್ಟಿದ್ದಾರೆ, ಮಕ್ಕಳು ಶಾಲೆಯಲ್ಲಿ ಗೆದ್ದ ಕಪ್ಪಿನ ಪಕ್ಕದಲ್ಲಿ. ಕಲ್ಲು ಕೊಟ್ಟವರು ಪಿತ್ತಕೋಶ ಏನಾಯಿತು ಎಂದು ಹೇಳಲಿಲ್ಲ, ಇವರು ಕೇಳಲಿಲ್ಲ. ಅಲ್ಲಿಯೇ ಒಬ್ಬ ಅಜ್ಜಿ ಹೆರಿಗೆಯ ಮಾಸಿನ ಬಗ್ಗೆ ಹೇಳಿದರು. ಮನೆಯಲ್ಲಿ ಹೆರಿಗೆ ಆಗುತ್ತಿದ್ದ ಕಾಲದಲ್ಲಿ ನಾಯಿ ಮುಟ್ಟದ ಹಾಗೆ ಹಿತ್ತಿಲಲ್ಲಿ ಆಳ ಗುಂಡಿ ತೋಡಿ ಹೂಳುತ್ತಿದ್ದರು. "ಈಗ ಯಾವ ಬಕೆಟಿಗೆ ಹೋಗುತ್ತದೋ" ಎಂದರು.

ಮೂಡುಬಿದಿರೆಯಲ್ಲಿ ಸ್ತನದ ಗಡ್ಡೆ ತೆಗೆಸಿಕೊಂಡ ಒಬ್ಬ ತಂಗಿ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. "ಕಲಿಯುವ ಡಾಕ್ಟರ್ ಮಕ್ಕಳು ಬಂದು ನೋಡಿದರು. ನನ್ನ ಗಡ್ಡೆಯಿಂದ ಅವರು ಏನಾದರೂ ಕಲಿತು ನಾಳೆ ಇನ್ನೊಬ್ಬಳು ಉಳಿದರೆ ನನಗೆ ಸಂತೋಷವೇ. ಒಂದು ಮಾತು ಕೇಳಿದ್ದರೆ ಹೂಂ ಎನ್ನುತ್ತಿದ್ದೆ. ಕೇಳಲಿಲ್ಲ, ಅದೇ ಬೇಸರ."

ಈ ತಂಗಿಯ ಮಾತಿನಲ್ಲಿ ನಮ್ಮ ಇಡೀ ವಾದ ಇದೆ. ನಮ್ಮ ಹೆಂಗಸರು ಜಿಪುಣಿಯರಲ್ಲ, ಕೊಡಲು ಹಿಂದೆ ಮುಂದೆ ನೋಡುವವರೂ ಅಲ್ಲ. ಕೇಳದೆ ತೆಗೆದುಕೊಂಡದ್ದೇ ಅವರಿಗೆ ನೋವು. ಇನ್ನು "ನನಗೆ ಯಾಕೆ ಅದು" ಎನ್ನುವವರಿದ್ದಾರಲ್ಲ, ಅವರು ನಿಜವಾಗಿ ಯೋಚಿಸಿ ಬೇಡ ಎಂದವರಲ್ಲ. ತನ್ನದು ಎಂದು ಹೇಳುವ ಅಭ್ಯಾಸವೇ ಇಲ್ಲದವರು. ಈ ಅಭ್ಯಾಸ ನಮಗೆ ಎಲ್ಲಿ ತಪ್ಪಿತು?

ಮದುವೆಯ ದಿನ ತಪ್ಪಿತು. ತವರಿನಿಂದ ಹಾಕಿಕೊಂಡು ಬಂದ ಚಿನ್ನವನ್ನು "ಜಾಗ್ರತೆಗೆ" ಎಂದು ಅತ್ತೆ ತೆಗೆದುಕೊಂಡು ಕಪಾಟಿನಲ್ಲಿ ಇಟ್ಟು ಬೀಗ ಹಾಕಿದರು. ಬೀಗದ ಕೈ ಅವರ ಸೊಂಟದಲ್ಲಿ. ವರ್ಷ ಕಳೆದ ಮೇಲೆ ಚಿನ್ನವೂ ಅವರದ್ದೇ ಎಂದಾಯಿತು. ಇದರ ವಿರುದ್ಧ ನಾವು ಹೋರಾಡಿದ್ದೇವೆ. 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಸ್ತ್ರೀಧನ ಗಂಡನ ಮನೆಯವರ ಕೈಯಲ್ಲಿ ಇದ್ದರೂ ಅದು ಹೆಂಡತಿಯದ್ದೇ. ಅವರು ಬರೇ ಕಾಯುವವರು, ಟ್ರಸ್ಟಿಗಳ ಹಾಗೆ. ಕೇಳಿದಾಗ ಕೊಡದಿದ್ದರೆ ಅದು ನಂಬಿಕೆ ದ್ರೋಹದ ಅಪರಾಧ. ಕಪಾಟು ಅವರದ್ದಿರಬಹುದು, ಚಿನ್ನ ನನ್ನದು. ಕಾವಲು ಬೇರೆ, ಒಡೆತನ ಬೇರೆ. ಇದನ್ನು ನಾವು ಎಷ್ಟು ಸಭೆಗಳಲ್ಲಿ ಹೇಳಿಲ್ಲ!

ಚಿನ್ನಕ್ಕೆ ಒಪ್ಪುವ ಮಾತು ಮೈಗೆ ಯಾಕೆ ಒಪ್ಪಬಾರದು? ಆಸ್ಪತ್ರೆಯ ಫ್ರಿಜ್ಜು ಆಸ್ಪತ್ರೆಯದ್ದು, ಡಬ್ಬಿ ಲ್ಯಾಬಿನದ್ದು. ಒಳಗಿರುವುದು ನನ್ನದು.

ಇದು ನನ್ನ ಕಲ್ಪನೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐ.ಸಿ.ಎಂ.ಆರ್., 2017ರಲ್ಲಿ ಹೊರಡಿಸಿದ ನೀತಿ ಮಾರ್ಗಸೂಚಿಯಲ್ಲಿ ಇದನ್ನೇ ಬರೆದಿದೆ. ಸಂಶೋಧನೆಗೆ ಕೊಟ್ಟ ರಕ್ತ, ಮಾಂಸದ ತುಂಡು, ಅದರ ಮಾಹಿತಿ ಎಲ್ಲದರ ಒಡೆತನ ಕೊಟ್ಟವರದ್ದು. ಸಂಶೋಧನೆ ಮಾಡುವವರಿಗೆ ಅದರ ಮೇಲೆ ಒಡೆತನ ಇಲ್ಲ. ಇಟ್ಟುಕೊಂಡ ಸಂಸ್ಥೆ ಕಾಯುವ ಟ್ರಸ್ಟಿ ಮಾತ್ರ. ಕೊಟ್ಟವರು ಬೇಡ ಎಂದು ಹಿಂದೆಗೆಯಬಹುದು. ಅದರಿಂದ ವ್ಯಾಪಾರದ ಲಾಭ ಬಂದರೆ ಅವರಿಗೂ ಪ್ರಯೋಜನ ಸಿಗಬೇಕು. ನೋಡಿ, ಸ್ತ್ರೀಧನದ ತೀರ್ಪಿನ ಮಾತೂ ಇದೂ ಒಂದೇ. ಆದರೆ ಈ ಪುಸ್ತಕ ಇರುವುದು ಇಂಗ್ಲಿಷಿನಲ್ಲಿ, ಆಸ್ಪತ್ರೆಗಳ ಕಚೇರಿಗಳಲ್ಲಿ. ಮಂಗಳೂರು, ಮಣಿಪಾಲ, ದೇರಳಕಟ್ಟೆಯ ದೊಡ್ಡ ದೊಡ್ಡ ವೈದ್ಯಕೀಯ ಕಾಲೇಜುಗಳಿಗೆ ದಿನವೂ ಬಸ್ಸು ಹತ್ತಿ ಹೋಗುವ ನಮ್ಮ ಹೆಂಗಸರಿಗೆ ಇದನ್ನು ಕನ್ನಡದಲ್ಲಿ, ತುಳುವಿನಲ್ಲಿ ಹೇಳಿದವರು ಯಾರು?

ಈಗ ಸಹಿಯ ವಿಷಯಕ್ಕೆ ಬರೋಣ. ನನ್ನ ಗರ್ಭಕೋಶಕ್ಕೆ ನನ್ನ ಗಂಡ ಸಹಿ ಹಾಕಿದ್ದು ಆ ಒಬ್ಬ ವೈದ್ಯರ ತಪ್ಪು ಮಾತ್ರ ಎಂದು ತಿಳಿಯಬೇಡಿ. 2002ರ ವೈದ್ಯರ ನಡವಳಿಕೆಯ ನಿಯಮಾವಳಿಯನ್ನು ಓದಿಸಿ ಕೇಳಿದೆ. ಆಪರೇಷನ್ನಿಗೆ ಮೊದಲು ಯಾರ ಒಪ್ಪಿಗೆ ಬರೆಸಿಕೊಳ್ಳಬೇಕು ಎನ್ನುವಲ್ಲಿ ಗಂಡ ಅಥವಾ ಹೆಂಡತಿ ಎಂದು ಮೊದಲು ಬರುತ್ತದೆ, ಮಕ್ಕಳಾದರೆ ತಂದೆತಾಯಿ ಎಂದು ಆಮೇಲೆ ಬರುತ್ತದೆ, ರೋಗಿಯೇ ಎನ್ನುವುದು ಕೊನೆಗೆ ಬರುತ್ತದೆ. ಮಕ್ಕಳಾಗದ ಹಾಗೆ ಮಾಡುವ ಆಪರೇಷನ್ ಆದರೆ ಗಂಡ ಹೆಂಡತಿ ಇಬ್ಬರ ಒಪ್ಪಿಗೆಯೂ ಬೇಕು ಎಂದಿದೆ. "ಗಂಡ ಅಥವಾ ಹೆಂಡತಿ" ಎಂದು ಸಮಾನವಾಗಿ ಬರೆದಿದ್ದಾರೆ ಎಂದು ನೀವು ಹೇಳಬಹುದು. ನಮ್ಮ ಊರಲ್ಲಿ ಗಂಡಸರ ಹರ್ನಿಯಾಕ್ಕೆ ಹೆಂಡತಿಯ ಸಹಿ ಕಾದು ನಿಂತ ವೈದ್ಯರನ್ನು ನಾನು ಕಂಡಿಲ್ಲ.

ಅದೇ ದೇಶದಲ್ಲಿ 1971ರ ಗರ್ಭಪಾತದ ಕಾಯ್ದೆ 18 ವರ್ಷ ದಾಟಿದ, ಬುದ್ಧಿ ಸ್ವಾಧೀನದಲ್ಲಿರುವ ಹೆಂಗಸಿನ ಒಪ್ಪಿಗೆ ಒಂದೇ ಸಾಕು ಎನ್ನುತ್ತದೆ. ಗಂಡನ ಸಹಿ ಬೇಡ. ಸರ್ಕಾರಿ ಸಂತಾನಹರಣ ಚಿಕಿತ್ಸೆಗೂ ಗಂಡನ ಒಪ್ಪಿಗೆ ಕಡ್ಡಾಯ ಅಲ್ಲ. ಹಾಗಿದ್ದರೂ ಈ ಮೂರು ತಾಲೂಕುಗಳಲ್ಲಿ "ಗಂಡನನ್ನು ಕರಕೊಂಡು ಬನ್ನಿ" ಎನ್ನುವ ಮಾತು ಕೇಳದ ಹೆಂಗಸು ಯಾರಿದ್ದಾರೆ?

2008ರ ಜನವರಿ 16ರಂದು ಸುಪ್ರೀಂ ಕೋರ್ಟ್ ಸಮೀರಾ ಕೊಹ್ಲಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. 1995ರಲ್ಲಿ ದೆಹಲಿಯಲ್ಲಿ 44 ವರ್ಷದ ಒಬ್ಬ ಮಹಿಳೆ ರಕ್ತಸ್ರಾವದ ಕಾರಣ ತಿಳಿಯಲು ದುರ್ಬೀನು ಪರೀಕ್ಷೆಗೆ ಒಪ್ಪಿದ್ದರು. ಅರಿವಳಿಕೆಯಲ್ಲಿ ಮಲಗಿದ್ದಾಗ, ಹೊರಗೆ ಕೂತಿದ್ದ ವಯಸ್ಸಾದ ತಾಯಿಯ ಸಹಿ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಬಿಟ್ಟರು. ಎದ್ದು ನೋಡಿದರೆ ಎಲ್ಲ ಮುಗಿದಿತ್ತು. ನ್ಯಾಯಾಲಯ ಹೇಳಿತು: ಪ್ರಾಪ್ತ ವಯಸ್ಸಿನ, ಬುದ್ಧಿ ನೆಟ್ಟಗಿರುವ ವ್ಯಕ್ತಿಯ ಪರವಾಗಿ ಬೇರೆಯವರು ಒಪ್ಪಿಗೆ ಕೊಡುವ ಹಾಗಿಲ್ಲ. ಅರಿವಳಿಕೆ ಕೊಟ್ಟು ಮಲಗಿಸಿದ್ದಾರೆ ಎಂದ ಮಾತ್ರಕ್ಕೆ ಅವಳ ಹಕ್ಕು ಹೋಗುವುದಿಲ್ಲ. ಜೀವಕ್ಕೆ ತಕ್ಷಣದ ಅಪಾಯ ಇಲ್ಲದಿದ್ದರೆ ಎಚ್ಚರವಾಗುವ ತನಕ ಕಾಯಬೇಕು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ತೆಗೆಯುವುದಕ್ಕೆ ಕೊಟ್ಟ ಒಪ್ಪಿಗೆ ಆಗುವುದಿಲ್ಲ. ಪರಿಹಾರ ಎಂದು ಸಿಕ್ಕಿದ್ದು ಬರೇ 25,000 ರೂಪಾಯಿ. ಹದಿಮೂರು ವರ್ಷ ಹೋರಾಡಿದ್ದಕ್ಕೆ ಅಷ್ಟೇ. ಆದರೆ ಆ ಮಾತು ಇವತ್ತು ನಮ್ಮೆಲ್ಲರ ಆಸ್ತಿ. ಹೆತ್ತ ತಾಯಿಯ ಸಹಿಯೇ ನಡೆಯುವುದಿಲ್ಲ ಎಂದಮೇಲೆ ಗಂಡನದ್ದು ಹೇಗೆ ನಡೆಯುತ್ತದೆ?

ಸಹಿ ಆಯಿತು, ಕೊಯ್ದದ್ದೂ ಆಯಿತು. ಆಮೇಲೆ ಅದು ಎಲ್ಲಿಗೆ ಹೋಗುತ್ತದೆ? ತಿಳಿದವರನ್ನು ಕೇಳಿ ನಾನು ಕಲಿತದ್ದನ್ನು ಹೇಳುತ್ತೇನೆ. ಪರೀಕ್ಷೆಗೆ ಬೇಕಾದದ್ದನ್ನು ಫಾರ್ಮಲಿನ್ ಎನ್ನುವ ದ್ರಾವಣದಲ್ಲಿ ಹಾಕಿ ರೋಗಶಾಸ್ತ್ರದ ಲ್ಯಾಬಿಗೆ ಕಳಿಸುತ್ತಾರೆ. ಅಲ್ಲಿ ಅನುಮಾನ ಇರುವ ಕಡೆಯಿಂದ ಸಣ್ಣ ತುಂಡುಗಳನ್ನು ಕತ್ತರಿಸಿ, ನೀರಿನ ಅಂಶ ತೆಗೆದು, ಮೇಣದ ಅಚ್ಚಿನಲ್ಲಿ ಕೂರಿಸುತ್ತಾರೆ. ಆ ಮೇಣದ ತುಂಡನ್ನು ತಲೆಕೂದಲಿಗಿಂತ ತೆಳುವಾಗಿ ಸೀಳಿ, ಗಾಜಿನ ಮೇಲೆ ಇಟ್ಟು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕ್ಯಾನ್ಸರ್ ಉಂಟಾ, ಗಡ್ಡೆ ಎಂಥದ್ದು, ಅಥವಾ ಏನೂ ರೋಗವೇ ಇಲ್ಲವಾ ಎಂದು ಬರೆದು ವರದಿ ಕೊಡುತ್ತಾರೆ. ಒಳ್ಳೆಯ ಲ್ಯಾಬುಗಳಲ್ಲಿ ಮೇಣದ ತುಂಡನ್ನೂ ಗಾಜಿನ ಪಟ್ಟಿಯನ್ನೂ ವರ್ಷಗಟ್ಟಲೆ ಇಡುತ್ತಾರೆ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಬೇಕಾದರೆ ಕೇಳಿ ಪಡೆಯಬಹುದು. ಉಳಿದದ್ದು ಹಳದಿ ಚೀಲಕ್ಕೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಮಾಸು, ಅಂಗಾಂಗ, ಮಾಂಸ ಎಲ್ಲ ಹಳದಿ ಚೀಲದಲ್ಲಿ ಹೋಗಿ ಸುಡಬೇಕು. 48 ಗಂಟೆಗಿಂತ ಹೆಚ್ಚು ಹಾಗೇ ಇಟ್ಟುಕೊಳ್ಳುವ ಹಾಗಿಲ್ಲ. ಹೊಳೆಗೆ ಬಿಸಾಡುವುದಂತೂ ಖಂಡಿತ ಇಲ್ಲ.

ಈ ವರದಿ ಯಾಕೆ ಇಷ್ಟು ಮುಖ್ಯ? ತೆಗೆದದ್ದು ಸರಿಯೋ ತಪ್ಪೋ ಎಂದು ಹೇಳುವ ಸಾಕ್ಷಿ ಅದು. ಕಲಬುರಗಿಯ ಕಡೆ ಲಂಬಾಣಿ ತಾಂಡಾಗಳ, ದಲಿತ ಕೇರಿಗಳ ಹೆಂಗಸರು ಬೆನ್ನು ನೋವು, ಬಿಳಿ ಮುಟ್ಟು ಎಂದು ಹೋದರೆ ಗರ್ಭಕೋಶ ಕಳಕೊಂಡು ಬರುತ್ತಿದ್ದರು. ಅದು 2015ರಲ್ಲಿ ಬಯಲಿಗೆ ಬಂದು, ಹೆಂಗಸರೇ ಬೀದಿಗಿಳಿದರು. ಬಿಹಾರ, ಛತ್ತೀಸಗಡ, ರಾಜಸ್ಥಾನಗಳಲ್ಲಿ ಬಡವರ ವಿಮಾ ಕಾರ್ಡಿನ ಹಣಕ್ಕಾಗಿ ಗರ್ಭಕೋಶ ತೆಗೆದ ದೂರು ಸುಪ್ರೀಂ ಕೋರ್ಟಿಗೆ ಹೋಯಿತು. 2023ರ ಎಪ್ರಿಲ್ 5ರಂದು ಡಾ. ನರೇಂದ್ರ ಗುಪ್ತಾ ಪ್ರಕರಣದಲ್ಲಿ ನ್ಯಾಯಾಲಯ, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ 2022ರ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕು ಎಂದಿತು. ರಾಷ್ಟ್ರ, ರಾಜ್ಯ, ಜಿಲ್ಲಾ ಮಟ್ಟದಲ್ಲಿ ನಿಗಾ ಸಮಿತಿ ಇರಬೇಕು ಎಂದು ಆ ಮಾರ್ಗಸೂಚಿ ಹೇಳುತ್ತದೆ. ನಮ್ಮ ದಕ್ಷಿಣ ಕನ್ನಡದ ಸಮಿತಿಯಲ್ಲಿ ಯಾರಿದ್ದಾರೆ, ಎಷ್ಟು ಸಲ ಸೇರಿದ್ದಾರೆ ಎಂದು ಕೇಳುವುದು ನಮ್ಮ ಕೆಲಸ. ವಿಮಾ ಕಾರ್ಡು ನಮ್ಮ ಕೈಯಲ್ಲೂ ಇದೆ. ಕಾರ್ಡು ಬೇಕು, ಅದು ಎಷ್ಟೋ ಜೀವ ಉಳಿಸಿದೆ. ಆದರೆ ಕಾರ್ಡು ಇದೆ ಎಂಬ ಕಾರಣಕ್ಕೆ ಕತ್ತಿ ಎತ್ತಬಾರದು.

ಇನ್ನು ಸಂಶೋಧನೆಯ ಮಾತು. 1951ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಬಡ ಕಪ್ಪು ಹೆಂಗಸು ಹೋದಳು. 30 ವರ್ಷ, ಐದು ಮಕ್ಕಳ ತಾಯಿ, ಗರ್ಭಕೋಶದ ಕೊರಳಿನ ಕ್ಯಾನ್ಸರ್. ಅವಳನ್ನು ಕೇಳದೆ ಗಡ್ಡೆಯ ಒಂದು ಚೂರನ್ನು ಪ್ರಯೋಗಾಲಯಕ್ಕೆ ಕೊಟ್ಟರು. ಅವಳು ಅದೇ ವರ್ಷ ಅಕ್ಟೋಬರಿನಲ್ಲಿ ತೀರಿಕೊಂಡಳು. ಆ ಚೂರಿನ ಜೀವಕೋಶಗಳು ಸಾಯಲಿಲ್ಲ, ಬೆಳೆಯುತ್ತಲೇ ಹೋದವು. ಹೀಲಾ ಎಂಬ ಹೆಸರಿನಲ್ಲಿ ಪ್ರಪಂಚದ ಪ್ರಯೋಗಾಲಯಗಳಿಗೆ ಹೋದವು. ಪೋಲಿಯೋ ಲಸಿಕೆಯನ್ನು ಪರೀಕ್ಷಿಸಲು ಅವು ನೆರವಾದವು. ನಮ್ಮ ಮಕ್ಕಳ ಬಾಯಿಗೆ ಬಿದ್ದ ಹನಿಯ ಹಿಂದೆಯೂ ಅವಳ ಋಣ ಇದೆ. ಕಂಪೆನಿಗಳು ಅದರಿಂದ ಹಣ ಮಾಡಿದವು. ಅವಳ ಮನೆಯವರಿಗೆ ವಿಷಯ ತಿಳಿದದ್ದೇ ಇಪ್ಪತ್ತು ವರ್ಷ ಕಳೆದ ಮೇಲೆ. 2023ರಲ್ಲಿ ಒಂದು ದೊಡ್ಡ ಕಂಪೆನಿ ಆ ಮನೆಯವರ ಜೊತೆ ರಾಜಿ ಮಾಡಿಕೊಂಡಿತು. 72 ವರ್ಷ ಬೇಕಾಯಿತು.

ಅದೇ ದೇಶದಲ್ಲಿ ಜಾನ್ ಮೂರ್ ಎಂಬವನ ಗುಲ್ಮ ತೆಗೆದು, ಅದರ ಜೀವಕೋಶಗಳ ಮೇಲೆ ವೈದ್ಯನೇ ಪೇಟೆಂಟ್ ಪಡೆದ. 1990ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್, ತೆಗೆದ ಜೀವಕೋಶ ನಿನ್ನ ಆಸ್ತಿಯಲ್ಲ, ಆದರೆ ವೈದ್ಯ ತನ್ನ ಲಾಭದ ವಿಷಯವನ್ನು ಮೊದಲೇ ನಿನಗೆ ಹೇಳಬೇಕಿತ್ತು ಎಂದಿತು. ಗಂಡಸಿಗೂ ಹೀಗಾಗುತ್ತದೆ ಎಂದಾಯಿತಲ್ಲ. ಹೌದು, ಆಗುತ್ತದೆ. ಬಡವರಿಗೆ, ಓದು ಬಾರದವರಿಗೆ, ಹೆಂಗಸರಿಗೆ ಹೆಚ್ಚು ಸುಲಭವಾಗಿ ಆಗುತ್ತದೆ.

ಇಲ್ಲಿ ಒಂದು ಎಚ್ಚರ ಹೇಳಬೇಕು. ನಮ್ಮದು ಎನ್ನುವಾಗ ಮಾರಲು ನಮಗೆ ಹಕ್ಕು ಬೇಕು ಎಂದು ನಾನು ಹೇಳುತ್ತಿಲ್ಲ. ಖಂಡಿತ ಇಲ್ಲ. ಮೈಯ ತುಂಡಿಗೆ ಬೆಲೆ ಕಟ್ಟುವ ದಿನ ಬಂದರೆ ಮೊದಲು ಹರಾಜಾಗುವುದು ನಮ್ಮ ಮೈ, ಹರಾಜು ಕೂಗುವವರು ನಮ್ಮ ಮನೆಯವರು. 2018ರಲ್ಲಿ ಪಶ್ಚಿಮ ಬಂಗಾಳದ ಒಬ್ಬ ಹೆಂಗಸು ಪೊಲೀಸರಿಗೆ ದೂರು ಕೊಟ್ಟಳು. ವರದಕ್ಷಿಣೆಯ ಬಾಕಿ ತರಲಿಲ್ಲ ಎಂದು ಹಿಂಸೆ ಕೊಡುತ್ತಿದ್ದ ಗಂಡ, ಹೊಟ್ಟೆನೋವಿಗೆ ಅಪೆಂಡಿಕ್ಸ್ ಆಪರೇಷನ್ ಎಂದು ಕರಕೊಂಡು ಹೋಗಿ ಅವಳ ಒಂದು ಕಿಡ್ನಿಯನ್ನೇ ಮಾರಿಬಿಟ್ಟ ಎಂದು ಅವಳ ಆರೋಪ. ನೋವು ನಿಲ್ಲದೆ ಬೇರೆ ಕಡೆ ಸ್ಕ್ಯಾನ್ ಮಾಡಿಸಿದಾಗ ಅದು ಗೊತ್ತಾಯಿತು. ಗಂಡನನ್ನೂ ಅವನ ತಮ್ಮನನ್ನೂ ಬಂಧಿಸಿದರು. ಚಿನ್ನ ಮುಗಿದ ಮೇಲೆ ಕಿಡ್ನಿ! ವರದಕ್ಷಿಣೆಯ ಲೋಭಕ್ಕೆ ತಳ ಇಲ್ಲ ಎನ್ನುವುದಕ್ಕೆ ಇನ್ನೇನು ಬೇಕು?

ಕಿಡ್ನಿ ಮಾರಾಟ ನಿಲ್ಲಿಸಲೆಂದೇ 1994ರ ಅಂಗಾಂಗ ಕಸಿ ಕಾಯ್ದೆ ಬಂತು. 2011ರ ತಿದ್ದುಪಡಿ ಅಂಗದ ಜೊತೆ ಅಂಗಾಂಶವನ್ನೂ ಸೇರಿಸಿ ಶಿಕ್ಷೆ ಹೆಚ್ಚಿಸಿತು. ಮಾರಾಟ ತಪ್ಪಾಯಿತು, ದಾನ ಉಳಿಯಿತು. ಆದರೆ ದಾನದ ಲೆಕ್ಕ ನೋಡಿ. ಕೇಂದ್ರ ಸರ್ಕಾರದ ಅಂಗಾಂಗ ಕಸಿ ಸಂಸ್ಥೆಯ ಪ್ರಕಾರ 1995ರಿಂದ 2021ರ ತನಕ ದೇಶದಲ್ಲಿ 36,640 ಕಸಿಗಳು ಆಗಿವೆ. ಅದರಲ್ಲಿ ಅಂಗ ಪಡೆದ ಹೆಂಗಸರು 6,945 ಮಾತ್ರ. ಉಳಿದವರೆಲ್ಲ ಗಂಡಸರು. ಬದುಕಿರುವಾಗ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು. ಪ್ರೀತಿಯಿಂದ ಕೊಡುವ ತಾಯಿ, ಹೆಂಡತಿ ಇದ್ದಾರೆ, ಅವರಿಗೆ ನನ್ನ ನಮಸ್ಕಾರ. ಆದರೆ "ಅವನು ದುಡಿಯುವವನು, ನೀನು ಮನೆಯಲ್ಲೇ ಇರುವವಳಲ್ಲವಾ" ಎನ್ನುವ ಮಾತಿನ ಕೆಳಗೆ ಕೂತು ಕೊಟ್ಟದ್ದು ದಾನವೋ, ಒತ್ತಾಯವೋ? ಬೀಡಿ ಕಟ್ಟಿ ಮನೆ ನಡೆಸುವವಳೂ ನಮ್ಮಲ್ಲಿ "ಮನೆಯಲ್ಲೇ ಇರುವವಳು"!

ಹಾಗಾಗಿ ಒಡೆತನ ಎಂದರೆ ನನ್ನ ಲೆಕ್ಕದಲ್ಲಿ ಬೆಲೆಯಲ್ಲ. ತೆಗೆಯುವ ಮೊದಲು ನನ್ನನ್ನು ಕೇಳಬೇಕು. ತೆಗೆದ ಮೇಲೆ ನನಗೆ ಹೇಳಬೇಕು. ಬೇರೆ ಕೆಲಸಕ್ಕೆ ಬಳಸುವುದಾದರೆ ಮತ್ತೆ ಕೇಳಬೇಕು. ಬೇಡ ಎಂದರೆ ಚಿಕಿತ್ಸೆಗೆ ಯಾವ ತೊಂದರೆಯೂ ಆಗಬಾರದು. ಇಷ್ಟೇ.

"ಪ್ರತಿಯೊಬ್ಬರನ್ನೂ ಕೇಳುತ್ತಾ ಕೂತರೆ ಸಂಶೋಧನೆ ನಿಂತುಹೋಗುತ್ತದೆ" ಎನ್ನುವವರಿದ್ದಾರೆ. ಮೂಡುಬಿದಿರೆಯ ತಂಗಿ ಅವರಿಗೆ ಉತ್ತರ ಕೊಟ್ಟಿದ್ದಾಳೆ. ಕೇಳಿದರೆ ಕೊಡುತ್ತಾರೆ. ಕೇಳದೆ ತೆಗೆದದ್ದು ಗೊತ್ತಾದ ದಿನ ಆಸ್ಪತ್ರೆಯ ಮೇಲಿನ ನಂಬಿಕೆ ಹೋಗುತ್ತದೆ, ಆಗ ನಿಜವಾಗಿ ಎಲ್ಲ ನಿಲ್ಲುತ್ತದೆ. "ಈ ಹೆಂಗಸರಿಗೆ ಇದೆಲ್ಲ ಅರ್ಥ ಆಗುವುದಿಲ್ಲ" ಎನ್ನುವವರೂ ಇದ್ದಾರೆ. ಸಂಘದ ಸಾಲ, ಬಡ್ಡಿ, ಕಂತು, ಉಳಿತಾಯದ ಲೆಕ್ಕ ಬರೆಯುವ ಹೆಂಗಸರಿಗೆ ತಮ್ಮ ಹೊಟ್ಟೆಯ ಲೆಕ್ಕ ಅರ್ಥ ಆಗುವುದಿಲ್ಲವೇ? ಹೇಳುವ ರೀತಿಯಲ್ಲಿ ಹೇಳಿ ನೋಡಲಿ. ಇಲ್ಲಿ ಒಳ್ಳೆಯ ವೈದ್ಯರನ್ನೂ ನೆನೆಯಬೇಕು. ಗಂಡನನ್ನು ಹೊರಗೆ ಕೂರಿಸಿ, ಹೆಂಗಸಿನ ಹತ್ತಿರವೇ ಚಿತ್ರ ಬರೆದು ವಿವರಿಸುವ ವೈದ್ಯೆಯರು ನಮ್ಮ ಜಿಲ್ಲೆಯಲ್ಲಿ ಇದ್ದಾರೆ. ಅವರಿಗೆ ಆಗುವುದು ಉಳಿದವರಿಗೆ ಯಾಕೆ ಆಗುವುದಿಲ್ಲ?

ಇನ್ನು ನಾವು ಏನು ಮಾಡಬಹುದು? ನಿಮ್ಮ ಸಂಘದ ಪುಸ್ತಕದ ಕೊನೆಯ ಪುಟದಲ್ಲಿ ಇದನ್ನು ಬರೆದಿಡಿ.

ಒಂದು, ಆಪರೇಷನ್ನಿಗೆ ಹೋಗುವವಳ ಜೊತೆ ಸಂಘದ ಒಬ್ಬಳು ಹೋಗಬೇಕು. ಒಪ್ಪಿಗೆ ಪತ್ರವನ್ನು ಅವಳ ಭಾಷೆಯಲ್ಲಿ ಓದಿಸಿ, ಅವಳದ್ದೇ ಸಹಿ ಹಾಕಿಸಬೇಕು. ಏನು ತೆಗೆಯುತ್ತಾರೆ, ತೆಗೆಯದೆ ಬೇರೆ ದಾರಿ ಉಂಟಾ, ಅಂಡಾಶಯ ಉಳಿಸುತ್ತಾರಾ ಎಂದು ಕೇಳಬೇಕು. ತುರ್ತು ಇಲ್ಲದಿದ್ದರೆ ಇನ್ನೊಬ್ಬ ವೈದ್ಯರಿಗೆ ತೋರಿಸಿಯೇ ಹೂಂ ಎನ್ನಬೇಕು.

ಎರಡು, ತೆಗೆದದ್ದನ್ನು ಪರೀಕ್ಷೆಗೆ ಕಳಿಸುತ್ತೀರಾ ಎಂದು ಮೊದಲೇ ಕೇಳಿ. ಕೈಗೆ ಡಬ್ಬಿ ಕೊಟ್ಟರೆ ಅದನ್ನು ಸಂಘದವಳೇ ಲ್ಯಾಬಿಗೆ ಮುಟ್ಟಿಸಲಿ. ಹಣ ಇಲ್ಲದಿದ್ದರೆ ಸಂಘದಿಂದ ಸಾಲ ಕೊಡಿ. ಹಬ್ಬಕ್ಕೆ ಕೊಡುತ್ತೇವೆ, ಇದಕ್ಕೆ ಕೊಡಬಾರದೇ?

ಮೂರು, ವರದಿಯನ್ನೂ ಡಿಸ್ಚಾರ್ಜ್ ಕಾಗದವನ್ನೂ ನಿಮ್ಮ ಪೆಟ್ಟಿಗೆಯಲ್ಲಿ ಇಡಿ, ಗಂಡನ ಫೈಲಿನಲ್ಲಿ ಅಲ್ಲ. 2002ರ ಅದೇ ನಿಯಮಾವಳಿಯಲ್ಲಿ ಒಳ್ಳೆಯದೂ ಒಂದು ಇದೆ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು, ಮೂರು ವರ್ಷ ದಾಖಲೆ ಇಟ್ಟಿರಬೇಕು.

ನಾಲ್ಕು, ಕಲಿಕೆಗೆ, ಸಂಶೋಧನೆಗೆ ಬಳಸಲು ಕೇಳಿದರೆ ಯಾವುದಕ್ಕೆ, ಹೆಸರು ಗುಟ್ಟಾಗಿ ಇಡುತ್ತೀರಾ ಎಂದು ಕೇಳಿ. ಮನಸ್ಸಿಗೆ ಬಂದರೆ ಸಂತೋಷದಿಂದ ಕೊಡಿ. ಬೇಡ ಎನ್ನಲೂ ಹೆದರಬೇಡಿ. ಮಾಸು ಬೇಕು, ಕಾಲು ಹೂಳಬೇಕು ಎಂದಿದ್ದರೆ ಆಪರೇಷನ್ನಿಗೆ ಮೊದಲೇ ಹೇಳಿ.

ಐದು, ಅನ್ಯಾಯ ಆದರೆ ಸುಮ್ಮನಿರಬೇಡಿ. ಖಾಸಗಿ ಆಸ್ಪತ್ರೆಯಾದರೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಹಣ ಕೊಟ್ಟ ಚಿಕಿತ್ಸೆಗೆ ಗ್ರಾಹಕರ ಆಯೋಗವೂ ಇದೆ. 1995ರಿಂದ ವೈದ್ಯರ ಸೇವೆ ಅದರ ವ್ಯಾಪ್ತಿಗೆ ಬರುತ್ತದೆ. ಗಂಡನ ಮನೆಯವರು ಒತ್ತಾಯಿಸಿ ಅಂಗ ತೆಗೆಸಿದರೆ ಅದು ಕೌಟುಂಬಿಕ ಹಿಂಸೆ. 2005ರ ಕಾಯ್ದೆಯಡಿ ತಾಲೂಕಿನ ಸಂರಕ್ಷಣಾಧಿಕಾರಿಯ ಹತ್ತಿರ ಹೋಗಿ.

ಸಂಗಾತಿಗಳೇ, ನನ್ನ ಗಂಡನ ಮನೆಯ ಕಪಾಟಿನಿಂದ ನನ್ನ ಚಿನ್ನ ವಾಪಸು ತರಲು ನನಗೆ ನಾಲ್ಕು ವರ್ಷ ಹಿಡಿಯಿತು. ಸಂಘದ ಹದಿನೈದು ಮಂದಿ ನನ್ನ ಜೊತೆ ಬಂದು ಆ ಅಂಗಳದಲ್ಲಿ ಕೂತಿದ್ದರು. ಎರಡು ಬಳೆ ಮತ್ತು ಒಂದು ಸರ ಸಿಕ್ಕಿತು. ಹೊಳೆಗೆ ಹೋದದ್ದು ಸಿಗುವುದಿಲ್ಲ. ಈಗಲೂ ಬಸ್ಸಿನಲ್ಲಿ ನೇತ್ರಾವತಿ ದಾಟುವಾಗ ಕಿಟಕಿಯಿಂದ ಹಳೇ ಸಂಕದ ಕಡೆ ನೋಡುತ್ತೇನೆ. ಯಾರ ಮೇಲೂ ಸಿಟ್ಟು ಬರುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಸಿಟ್ಟು ಬರುತ್ತದೆ. ಆ ಸಿಟ್ಟಿಗೇ ಇದನ್ನು ಬರೆದಿದ್ದೇನೆ.

ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಈ ಒಂದು ಪ್ರಶ್ನೆ ಕೇಳಿ: "ನಮ್ಮಿಂದ ಕೊಯ್ದು ತೆಗೆದದ್ದು ಎಲ್ಲಿ ಉಂಟು?" ಯಾರಾದರೂ "ನನಗೆ ಯಾಕೆ ಅದು" ಎಂದರೆ ನನ್ನ ಕಥೆ ಹೇಳಿ. ಮಗಳ ಮದುವೆಗೆ ಬಂಗಾರ ಎಷ್ಟು ಎಂದು ಕೇಳುವವರಿಗೆ ಇಲ್ಲ ಎಂದು ಹೇಳಲು ಅವಳಿಗೆ ಕಲಿಸುತ್ತಿದ್ದೇವೆ. ನಿನ್ನ ಮೈಗೆ ನಿನ್ನದೇ ಸಹಿ ಎಂದು ಅದರ ಜೊತೆಗೇ ಕಲಿಸಿ.